ಫಿಲೋಮಿನಾಳ ಬದಲಿಗೆ ಚಿಯಾಂಗ್ ಮಾಯ್‌ಗೆ

ಪಾಳ್ಯ

ಥಾಯ್ಲೆಂಡಿಗೆ ಹೋಗಬೇಕಾಗಿದ್ದವಳು ನಾನಲ್ಲ, ಫಿಲೋಮಿನಾ. ಸಕಲೇಶಪುರದಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ಕೆಥೋಲಿಕ್ ವಿದ್ಯಾರ್ಥಿ ಚಳವಳಿಯ ಜಿಲ್ಲಾ ಕಾರ್ಯದರ್ಶಿ, ನಾನು ಕಾಲೇಜು ಘಟಕದ ಮುಂದಾಳು. ಏಷ್ಯಾದ ದೇಶಗಳ ವಿದ್ಯಾರ್ಥಿಗಳೆಲ್ಲ ಚಿಯಾಂಗ್ ಮಾಯ್ ಎಂಬ ಊರಿನಲ್ಲಿ ಸೇರುತ್ತಾರೆಂದು ಪತ್ರ ಬಂದಾಗ, ಚಳವಳಿಯನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಲೂಸಿ ಯಾವುದಕ್ಕೂ ಇರಲಿ ಎಂದು ಇಬ್ಬರ ಕೈಯಲ್ಲೂ ಪಾಸ್‌ಪೋರ್ಟ್ ಅರ್ಜಿ ತುಂಬಿಸಿದ್ದರು. ಹೊರಡಲು ಮೂರು ವಾರ ಇರುವಾಗ ಫಿಲೋಮಿನಾಗೆ ಕಾಮಾಲೆ ಆಯಿತು. ಅವಳ ಜಾಗಕ್ಕೆ ನಾನು ಬಂದೆ.

ನಾನು ಕೆಥೋಲಿಕ್ ಅಲ್ಲ. ಪಾಳ್ಯದ ಲಿಂಗಾಯತರ ಮನೆಯ ಹುಡುಗಿ, ಹೆಸರು ಶಶಿಕಲಾ. ಅಪ್ಪ ಬತ್ತ, ರಾಗಿ ಬೆಳೆಯುತ್ತಿದ್ದರು. ಗದ್ದೆಯ ಮೇಲಿನ ಏರಿನಲ್ಲಿ ಒಂದಿಷ್ಟು ಕಾಫಿಯೂ ಇತ್ತು. ಕೊರಳಲ್ಲಿ ಇಷ್ಟಲಿಂಗ, ದಿನಾ ಮಿಂದ ಮೇಲೆ ಅಂಗೈಯಲ್ಲಿಟ್ಟು ಪೂಜೆ. ಹೀಗಿದ್ದವಳು ಆ ಚಳವಳಿಗೆ ಸೇರಿದ್ದು ಬಸ್ಸಿನಿಂದಾಗಿ. ಪಾಸಿನವರೆಂದರೆ ನಿಲ್ಲಿಸದೆ ಹೋಗುವ ಬಸ್ಸುಗಳಿಂದ ಪಾಳ್ಯದ ಕಡೆಯ ಹುಡುಗಿಯರು ಸಂಜೆ ರಸ್ತೆಯಲ್ಲೇ ಉಳಿಯುತ್ತಿದ್ದೆವು. ಶನಿವಾರದ ಸಭೆಯಲ್ಲಿ ಆ ವಿಷಯ ಚರ್ಚೆಯಾಗುತ್ತದೆ ಎಂದು ಫಿಲೋಮಿನಾ ಕರೆದುಕೊಂಡು ಹೋದಳು. ಅಲ್ಲಿ ಪ್ರಾರ್ಥನೆ ಮುಗಿದ ಮೇಲೆ, ಸುತ್ತ ಏನು ನಡೆಯುತ್ತಿದೆ ನೋಡಿ, ಯಾಕೆಂದು ಯೋಚಿಸಿ, ಏನಾದರೂ ಮಾಡಿ ಅನ್ನುತ್ತಿದ್ದರು. ನಾನು ಅರ್ಜಿ ಬರೆದೆ, ಹುಡುಗಿಯರೆಲ್ಲರ ಸಹಿ ಹಾಕಿಸಿದೆ, ಬಸ್ ಡಿಪೋಗೆ ಹೋಗಿ ಕೊಟ್ಟು, ಉತ್ತರ ಬರುವವರೆಗೂ ಅಲ್ಲಿನ ಬಾಗಿಲು ಬಿಟ್ಟು ಕದಲಲಿಲ್ಲ. ಬಸ್ಸು ನಿಲ್ಲತೊಡಗಿತು. ಮುಂದಿನ ವರ್ಷ ಎಲ್ಲರೂ ಸೇರಿ ನನ್ನನ್ನೇ ಮುಂದಾಳು ಮಾಡಿದರು. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ.

ಊರಲ್ಲಿ ಮಾತ್ರ ಸುದ್ದಿ ಬೇರೆ ರೂಪ ತಾಳಿತ್ತು. ಪಕ್ಕದ ಮನೆಯ ಗೌರಮ್ಮ ಬೇಲಿ ಹತ್ತಿರ ಬಂದು ಅಪ್ಪನನ್ನು ಕೇಳಿದಳು:

"ನಿನ್ ಮಗ್ಳು ಸಿಸ್ಟರ್ ಆಗಕ್ಕೆ ಹೋಯ್ತಾವ್ಳಂತೆ, ದಿಟವಾ?"

"ಇಲ್ಲ ಕಣಕ್ಕ, ಅದ್ಯಾವ್ದೋ ಮೀಟಿಂಗ್ ಐತಂತೆ."

"ಮೀಟಿಂಗ್‌ಗೆ ಅಷ್ಟ್ ದೂರ ಯಾಕೆ? ಹಾಸನದಾಗೆ ಜಾಗ ಇರ್ಲಿಲ್ವಾ?"

ಅಪ್ಪ ನನ್ನ ಮುಖ ನೋಡಿದರು. ನಾನು ಒಳಗೆ ಹೋದೆ. ಅಜ್ಜಿಗೆ ಇಂಥ ಗೊಂದಲ ಇರಲಿಲ್ಲ. ಲಿಂಗವಿಟ್ಟ ಬೆಳ್ಳಿಯ ಕರಡಿಗೆಗೆ ಹೊಸ ದಾರ ಪೋಣಿಸಿ ಕೊರಳಿಗೆ ಹಾಕಿ, "ಅವ್ರ ದೇವ್ರಿಗೆ ಕೈ ಮುಗುದ್ರೆ ಏನೂ ಆಗಲ್ಲ ಕಣವ್ವ. ಇದನ್ನ ಮಾತ್ರ ತೆಗ್ದಿಡಬ್ಯಾಡ" ಅಂದಳು.

ಹೊರಡುವ ಹಿಂದಿನ ದಿನ ಸಿಸ್ಟರ್ ಲೂಸಿಯನ್ನು ಕೇಳಿದೆ: "ಅಲ್ಲಿ ಯಾರಾದ್ರೂ ನೀನು ಕೆಥೋಲಿಕ್ಕಾ ಅಂದ್ರೆ ಏನು ಹೇಳ್ಲಿ ಸಿಸ್ಟರ್?"

ಸಿಸ್ಟರ್ ಮಂಗಳೂರು ಕಡೆಯವರು. ನಕ್ಕರು. "ಕೇಳಿದ್ರೆ ಹೇಳು. ಕೇಳದಿದ್ರೆ ಎಂತಕ್ಕೆ ಹೇಳುದು ಮಾರಾಯ್ತಿ? ನೀನು ಹೋಗುದು ಕೆಲ್ಸಕ್ಕೆ ಅಲ್ವಾ?"

ಆಗ ಅದು ಸುಲಭದ ಮಾತಾಗಿ ಕಂಡಿತು.

ಬ್ಯಾಂಕಾಕ್

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ದಾಟುವಾಗ ಯಂತ್ರ ಕೂಗಿತು. ಬಳೆ ತೆಗೆದೆ. ಮತ್ತೆ ಕೂಗಿತು. ಸಮವಸ್ತ್ರದ ಹೆಂಗಸೊಬ್ಬಳು ನನ್ನ ದುಪಟ್ಟಾದ ಕೆಳಗೆ ಕೈಯಿಟ್ಟು ಕರಡಿಗೆ ಹಿಡಿದು ಏನೆಂದು ಕೇಳಿದಳು. ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನಬೇಕೆಂದು ತೋಚದೆ "ಗಾಡ್" ಎಂದುಬಿಟ್ಟೆ. ಅವಳು ಬಯ್ಯಲಿಲ್ಲ, ನಗಲಿಲ್ಲ. ಎರಡೂ ಕೈ ಜೋಡಿಸಿ ತಲೆ ಬಾಗಿಸಿದಳು. ಆಮೇಲೆ ತನ್ನ ಕಾಲರಿನೊಳಗಿಂದ ಸರ ಎಳೆದು, ಗಾಜಿನ ಪುಟ್ಟ ಡಬ್ಬಿಯೊಳಗಿನ ಬುದ್ಧನನ್ನು ತೋರಿಸಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಯಾರೂ ಗೊಣಗಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಜನ "ಬೇಗ ಬೇಗ" ಅನ್ನುತ್ತಿದ್ದರು.

ಹೊರಗೆ ನನ್ನನ್ನು ಕರೆದುಕೊಂಡು ಹೋಗಲು ಯಾರೋ ಬರಬೇಕಿತ್ತು. ಯಾರ ಕೈಯ ಫಲಕದಲ್ಲೂ ನನ್ನ ಹೆಸರಿರಲಿಲ್ಲ. ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ತೆಳ್ಳನೆಯ ಹುಡುಗನೊಬ್ಬ ರಟ್ಟಿನ ಫಲಕವನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ. ಒಂದು ಗಂಟೆ ಹಾಗೇ ಕೂತೆವು. ಕೊನೆಗೆ ಅವನೇ ಕೇಳಿದ: "ನಿಮ್ಮ ವಿಮಾನದಲ್ಲಿ ಫಿಲೋಮಿನಾ ಅಂತ ಯಾರಾದರೂ ಬಂದರಾ?"

ಅವನ ಹೆಸರು ಜೋಯೆಲ್, ಫಿಲಿಪೈನ್ಸ್‌ನವನು, ಎರಡು ದಿನ ಮೊದಲೇ ಬಂದು ಸಂಘಟಕರಿಗೆ ನೆರವಾಗುತ್ತಿದ್ದ. ಹೆಸರು ಬದಲಾದ ಪತ್ರ ಅವರ ಕೈ ಸೇರಿರಲಿಲ್ಲ. ನನ್ನ ಬ್ಯಾಡ್ಜಿನ ಮೇಲೂ ಫಿಲೋಮಿನಾ ಎಂದೇ ಅಚ್ಚಾಗಿತ್ತು. ಬೇರೆ ಬ್ಯಾಡ್ಜು ಇರಲಿಲ್ಲವಾದ್ದರಿಂದ ಅದನ್ನೇ ಹಾಕಿಕೊಂಡೆ. ಎದುರಾದವರೆಲ್ಲ "ಹಲೋ ಫಿಲೋಮಿನಾ" ಅಂದರು. ಮೊದಲಿಬ್ಬರಿಗೆ ಅಲ್ಲ ಎಂದು ವಿವರಿಸಿದೆ. ಮೂರನೆಯವರಿಗೆ ನಾನೂ ಹಲೋ ಅಂದೆ.

ಚಿಯಾಂಗ್ ಮಾಯ್

ಉತ್ತರಕ್ಕೆ ಹೊರಟ ರೈಲು ನಡುವೆ ಎಲ್ಲೋ ನಿಂತುಬಿಟ್ಟಿತು. ಬಹಳ ಹೊತ್ತು ನಿಂತಿತು. ಒಬ್ಬರೂ ಎದ್ದು ಬಾಗಿಲ ಹತ್ತಿರ ಹೋಗಿ ಇಣುಕಲಿಲ್ಲ. ಏನಾಯಿತೆಂದು ನಾನು ಕೇಳಿದ್ದಕ್ಕೆ ಎದುರಿನ ಸೀಟಿನ ಹೆಂಗಸು "ಮೈ ಪೆನ್ ರೈ" ಅಂದು ಹುಣಸೆ ಮಿಠಾಯಿ ಕೊಟ್ಟಳು. ಪರವಾಗಿಲ್ಲ ಬಿಡು ಎಂಬ ಅರ್ಥವಂತೆ. ಆ ದೇಶದಲ್ಲಿ ಅತಿ ಹೆಚ್ಚು ಕೇಳಿದ ಮಾತು ಅದೇ. ಯಾರಾದರೂ ಕಾಲು ತುಳಿದರೂ ಅದೇ, ಮಳೆಯಲ್ಲಿ ನೆನೆದರೂ ಅದೇ.

ಚಿಯಾಂಗ್ ಮಾಯ್‌ನ ಒಂದು ತರಬೇತಿ ಕೇಂದ್ರದಲ್ಲಿ ನಮ್ಮ ವಾಸ. ದಿನಾ ಬೆಳಗ್ಗೆ ಬಲಿಪೂಜೆ, ಇಂಗ್ಲಿಷಿನಲ್ಲಿ ಮಾಸ್ ಅನ್ನುವ ಚರ್ಚಿನ ಪೂಜೆ. ನಮ್ಮ ಶನಿವಾರದ ಸಭೆಗಳಲ್ಲಿ ಚಿಕ್ಕದೊಂದು ಪ್ರಾರ್ಥನೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಇಲ್ಲಿ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂಬುದೇ ತಿಳಿಯದು. ಕೊನೆಯ ಬೆಂಚಿನಲ್ಲಿ ನಿಂತು ಮುಂದಿನವರ ಬೆನ್ನು ನೋಡಿ ಏಳುವುದು, ಬೆನ್ನು ನೋಡಿ ಕೂರುವುದು. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡಾಗ ನನ್ನ ಕೈಯೂ ಎದ್ದು, ಯಾವ ಭುಜ ಮೊದಲು ಎಂದು ತಿಳಿಯದೆ ಕಿವಿಯ ಹತ್ತಿರ ನಿಂತು, ಕೂದಲು ಸರಿಪಡಿಸಿಕೊಂಡು ಇಳಿಯುತ್ತಿತ್ತು.

ಊಟದ ಕಥೆ ಬೇರೆ. ಮಾಂಸ ಮೀನು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅಡುಗೆಯವರು ಪ್ರೀತಿಯಿಂದ ನನಗೆಂದೇ ಒಂದು ಬಟ್ಟಲು ಸೊಪ್ಪಿನ ಪಲ್ಯ ಕಳಿಸುತ್ತಿದ್ದರು. ಅದೆಷ್ಟು ರುಚಿ! ಮೂರನೆಯ ದಿನ ಅಡುಗೆಮನೆಗೆ ಹೋಗಿ ಏನು ಹಾಕುತ್ತೀರೆಂದು ಕೇಳಿದೆ. ಬೆಳ್ಳುಳ್ಳಿ, ಮೆಣಸಿನಕಾಯಿ ತೋರಿಸಿದರು, ಆಮೇಲೆ ಸೀಸೆಯೊಂದನ್ನು. ಅದರ ಮೇಲೆ ದೊಡ್ಡ ಮೀನಿನ ಚಿತ್ರವಿತ್ತು. ಮೀನು ಕೊಳೆಹಾಕಿ ತೆಗೆದ ರಸ. ಉಪ್ಪಿನ ಬದಲು ಅದನ್ನೇ ಹಾಕುವುದಂತೆ, ಅದು ಮೀನು ಎಂದು ಅವರ ಮನಸ್ಸಿಗೇ ಬಂದಿರಲಿಲ್ಲ. ಅಂದಿನಿಂದ ಅನ್ನ, ಬಾಳೆಹಣ್ಣು. ಅಜ್ಜಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ನಾಲ್ಕನೆಯ ದಿನ ಒಬ್ಬೊಬ್ಬರೂ ತಮ್ಮ ಊರಿನಲ್ಲಿ ಮಾಡಿದ ಕೆಲಸ ಹೇಳಬೇಕಿತ್ತು. ನಾನು ಬಸ್ಸಿನ ಕಥೆ ಹೇಳಿದೆ. ನನಗೆ ಅದು ಸಣ್ಣದೆನಿಸಿತ್ತು. ಸಭೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಜೋಯೆಲ್ ಬಂದು, "ಏಷ್ಯಾದಲ್ಲಿ ಚಳವಳಿ ನಡೆಸುವ ತಂಡಕ್ಕೆ ಕೊನೆಯಲ್ಲಿ ಚುನಾವಣೆ ಇದೆ, ದಕ್ಷಿಣ ಏಷ್ಯಾದಿಂದ ಒಬ್ಬರು ಬೇಕು. ನಿನ್ನ ಹೆಸರು ಸೂಚಿಸುತ್ತೇನೆ" ಅಂದ. ಎದೆ ಹಿಗ್ಗಿತು, ಹಿಂದೆಯೇ ಬ್ಯಾಡ್ಜು ನೆನಪಾಯಿತು. ಇಷ್ಟು ದಿನದಲ್ಲಿ ನೀನು ಕೆಥೋಲಿಕ್ಕಾ ಎಂದು ಒಬ್ಬರೂ ಕೇಳಿರಲಿಲ್ಲ. ಫಿಲೋಮಿನಾ ಎಂದು ಬರೆದುಕೊಂಡು ಓಡಾಡುವವಳನ್ನು ಯಾರು ಕೇಳುತ್ತಾರೆ? ಆ ಸಂಜೆ ಬ್ಯಾಡ್ಜಿನ ಮೇಲೆ ಬಿಳಿ ಕಾಗದ ಅಂಟಿಸಿ ಶಶಿಕಲಾ ಎಂದು ಬರೆದೆ. ಅದರಿಂದೇನೂ ಆಗಲಿಲ್ಲ. ಚೆಂದದ ಹೆಸರು ಎಂದರು ಅಷ್ಟೆ.

ಬೆಟ್ಟದ ಹಳ್ಳಿ

ಚುನಾವಣೆಗೆ ಮೊದಲು ಮೂರು ದಿನ ಹಳ್ಳಿಗಳಲ್ಲಿ ಉಳಿಯಬೇಕಿತ್ತು. ನನ್ನ ಪಾಲಿಗೆ ಬಂದದ್ದು ಬೆಟ್ಟದ ಮೇಲಿನ ಕರೆನ್ ಬುಡಕಟ್ಟಿನ ಜನರ ಹಳ್ಳಿ. ನಮ್ಮೊಡನೆ ಸಭೆಯಲ್ಲಿದ್ದ ಮಾಲೀ ಎಂಬ ಹುಡುಗಿಯ ಊರು ಅದು. ಮಾತು ಕಡಿಮೆಯ ಹುಡುಗಿ, ಇಂಗ್ಲಿಷ್ ನನ್ನಷ್ಟೇ. ಪಿಕಪ್ಪಿನ ಹಿಂದೆ ನಿಂತು ಬೆಟ್ಟ ಹತ್ತುವಾಗ ನಮ್ಮ ಕಡೆಯ ಹೊಂಗಡಹಳ್ಳ ದಾಟಿ ಬಿಸಿಲೆ ಘಾಟಿ ಕಡೆ ಹೋಗುತ್ತಿದ್ದೇನೆ ಅನ್ನಿಸಿತು. ಅದೇ ತಿರುವು, ಅದೇ ತಣ್ಣನೆ ಗಾಳಿ. ಒಂದು ತಿರುವಿನಲ್ಲಿ ಕಾಫಿ ಗಿಡ ಕಂಡು ಕೂಗಿಯೇಬಿಟ್ಟೆ. ನಮ್ಮಲ್ಲಿರುವಂಥ ನೆರಳಿನ ಮರಗಳೇ ಮೇಲಿಲ್ಲದೆ ಬಿಸಿಲಿಗೆ ಒಡ್ಡಿಕೊಂಡು ನಿಂತ ಕಾಫಿ. ತಲೆ ಮೇಲೆ ಸೆರಗಿಲ್ಲದೆ ಬಿಸಿಲಲ್ಲಿ ನಿಂತ ಹೆಂಗಸರಂತೆ ಕಂಡಿತು.

ಮನೆಯಲ್ಲಿ ಮಾಲೀ ಮತ್ತು ಅವಳ ಅಜ್ಜಿ ಇಬ್ಬರೇ. ಅಜ್ಜಿಗೆ ಅವರ ಭಾಷೆಯಲ್ಲಿ ಫೀ ಅನ್ನುತ್ತಾರೆ. ನಾನೂ ಹಾಗೇ ಕರೆದೆ. ಕಂಬಗಳ ಮೇಲೆ ಬಿದಿರಿನ ಮನೆ, ಕೆಳಗೆ ಹಂದಿಗಳು. ಮನೆಯ ಹಿಂದಿನ ಕಾಫಿ ಗಿಡಗಳಲ್ಲಿ ಕಂಬಚಿಗುರು ತುಂಬಿಹೋಗಿತ್ತು. ಕಾಂಡದಿಂದ ನೆಟ್ಟಗೆ ಎದ್ದು ಗಿಡದ ಸತ್ವ ಹೀರುವ ಆ ಚಿಗುರನ್ನು ಕಂಡರೆ ಪಾಳ್ಯದ ಯಾರ ಕೈಯೂ ಸುಮ್ಮನಿರುವುದಿಲ್ಲ. ನಾನು ಪಟಪಟನೆ ಮುರಿಯತೊಡಗಿದೆ. ಫೀ ಕಿರುಚಿಕೊಂಡು ಓಡಿ ಬಂದಳು. ಬಂದ ಅತಿಥಿ ಗಿಡ ಹಾಳು ಮಾಡುತ್ತಿದ್ದಾಳೆ! ಮಾಲೀ ಬಂದು ವಿವರಿಸಿದ ಮೇಲೆ ಮುದುಕಿ ಒಂದೇ ಒಂದು ಗಿಡ ತೋರಿಸಿ, ಬೇಕಾದರೆ ಇದನ್ನು ಹಾಳು ಮಾಡು ಅಂದಳು. ಮಾರನೆಯ ದಿನ ತಾನೇ ಪಕ್ಕದಲ್ಲಿ ನಿಂತು ಮುರಿಯತೊಡಗಿದಳು.

ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಕರಡಿಗೆ ಹೊರಗೆ ಬಂತು. ಫೀ ಅದನ್ನು ಬೆರಳಲ್ಲಿ ಮುಟ್ಟಿ ಏನೋ ಕೇಳಿದಳು.

"ಇದರಲ್ಲಿ ಯಾವ ಸಂತರಿದ್ದಾರೆ ಅಂತ ಕೇಳ್ತಾಳೆ," ಮಾಲೀ ಅಂದಳು.

ಕೇಳಿದರೆ ಹೇಳು ಎಂದಿದ್ದರು ಸಿಸ್ಟರ್. ಈಗ ಕೇಳಿದ್ದಾರೆ. ನಾನು ಬಾಯಿ ತೆರೆದೆ. "ಇದು ನನ್ನ ಅಜ್ಜಿ ಕಟ್ಟಿದ್ದು" ಅಂದೆ. ಸುಳ್ಳಲ್ಲ, ಉತ್ತರವೂ ಅಲ್ಲ. ಫೀ ಮುಖ ಅರಳಿಸಿ, ಕರಡಿಗೆಯನ್ನು ಎತ್ತಿ ಮುತ್ತಿಟ್ಟಳು. ಬೆಳ್ಳಿ ಎದೆಗೆ ಮರಳಿದಾಗ ಬಿಸಿ ತಾಗಿದಂತಾಗಿ ಎರಡು ಹೆಜ್ಜೆ ಹಿಂದೆ ಸರಿದೆ.

ಭಾನುವಾರ ಆ ಹಳ್ಳಿಗೆ ಪಾದ್ರಿ ಬರುವ ದಿನ. ಬೆಟ್ಟಗಳನ್ನು ಸುತ್ತುವ ಪಾದ್ರಿ ಅಲ್ಲಿಗೆ ತಲುಪುವುದು ತಿಂಗಳಿಗೊಮ್ಮೆಯಂತೆ. ಈ ಸಲ ನಮ್ಮ ಸಭೆಯ ಗುರು, ಶ್ರೀಲಂಕಾದ ಫಾದರ್ ಲಿಯೋ ಬಂದಿದ್ದರು. ಪುಟ್ಟ ಚರ್ಚಿನಲ್ಲಿ ಫೀ ನನ್ನನ್ನು ಮುಂದಿನ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ಯೇಸುವಿನ ದೇಹವೆಂದು ಕೆಥೋಲಿಕರು ಮಾತ್ರ ಸ್ವೀಕರಿಸುವ ಪರಮಪ್ರಸಾದಕ್ಕೆ ಜನ ಏಳುತ್ತಿದ್ದಂತೆ ನನ್ನ ಕೈ ಹಿಡಿದೆಳೆದಳು. ಬೇಡ ಅನ್ನಲು ಅವಳ ಭಾಷೆ ನನಗೆ ಬರದು. ಸಾಲು ಸರಿಯಿತು. ಫೀ ಸ್ವೀಕರಿಸಿ ಪಕ್ಕಕ್ಕೆ ಸರಿದಳು. ಫಾದರ್ ಲಿಯೋ ನನ್ನ ಮುಂದೆ ಬಿಳಿಯ ರೊಟ್ಟಿಯ ಚೂರು ಎತ್ತಿ ಹಿಡಿದರು.

ಇಡೀ ಚರ್ಚು ನನ್ನ ಬೆನ್ನ ಹಿಂದೆ ನಿಂತಿತ್ತು. ತೆಗೆದುಕೊಂಡರೆ ಒಂದು ಕ್ಷಣದ ಕೆಲಸ, ಯಾರಿಗೂ ತಿಳಿಯದು. "ಫಾದರ್, ನಾನಲ್ಲ" ಅಂದೆ. ಅಂದದ್ದು ಕನ್ನಡದಲ್ಲಿ. ಅವರಿಗೆ ಅರ್ಥವಾಗಲಿಲ್ಲ. ಕೈ ಮುಗಿದು ತಲೆಯಾಡಿಸಿದೆ. ಅವರು ಅರೆಕ್ಷಣ ನೋಡಿ, ರೊಟ್ಟಿಯನ್ನು ಪಾತ್ರೆಗೆ ಇಳಿಸಿ, ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಫೀ ಎಲ್ಲವನ್ನೂ ನೋಡಿದ್ದಳು. ಮಧ್ಯಾಹ್ನದವರೆಗೆ ನನ್ನ ಸುತ್ತಮುತ್ತಲೇ ಸುಳಿದಾಡಿದಳು. ಕೊನೆಗೆ ಮಾಲೀಯನ್ನು ಕಳಿಸಿದಳು.

"ಘೋರ ಪಾಪ ಮಾಡಿದವರು ಮಾತ್ರ ಹಾಗೆ ಬೇಡ ಅಂತಾರೆ. ಮಗು, ಏನು ಮಾಡಿದೀಯ ಹೇಳು, ಫಾದರ್ ಇನ್ನೂ ಇಲ್ಲೇ ಇದ್ದಾರೆ, ಅವರ ಹತ್ತಿರ ತಪ್ಪೊಪ್ಪಿಕೋಬಹುದು ಅಂತಾಳೆ," ಎಂದು ಹೇಳಿ ಮಾಲೀ ನೆಲ ನೋಡುತ್ತ ನಿಂತಳು. ಅವಳಿಗೂ ಅದೇ ಅನುಮಾನವಿತ್ತು.

ನಗು ಬಂತು, ಜೊತೆಗೆ ಅಳುವೂ ಬಂತು. ಒಲೆಯ ಪಕ್ಕ ಕೂತಿದ್ದ ಫೀಯ ಹತ್ತಿರ ಹೋಗಿ ಕೂತು ಎಲ್ಲ ಹೇಳಿದೆ. ನಾನು ಕ್ರೈಸ್ತಳಲ್ಲ. ಇದರೊಳಗೆ ಸಂತರಿಲ್ಲ, ನಮ್ಮ ಮನೆಯವರು ಪೂಜಿಸುವ ಶಿವನಿದ್ದಾನೆ. ಕರಡಿಗೆ ತೆರೆದು ತೋರಿಸಿದೆ. ಮಾಲೀ ಒಂದೊಂದೇ ವಾಕ್ಯ ಅನುವಾದಿಸಿದಳು, ಅವಳ ದನಿ ಸಣ್ಣಗಾಗುತ್ತಾ ಹೋಯಿತು.

ಫೀ ಅಪ್ಪಿಕೊಳ್ಳುತ್ತಾಳೆ, ಪರವಾಗಿಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಎಲ್ಲದಕ್ಕೂ ಮೈ ಪೆನ್ ರೈ ಅನ್ನುವ ದೇಶವಲ್ಲವೇ? ಅವಳು ಅನ್ನಲಿಲ್ಲ. ಸೌದೆ ಒಳಗೆ ತಳ್ಳಿ ಕೇಳಿದಳು: "ಹಾಗಾದರೆ ನಿನ್ನೆ ಸಂಜೆ ನಮ್ಮ ಜೊತೆ ಕೂತು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದೆಯಲ್ಲ, ಆಗ ಯಾರ ಹತ್ತಿರ ಮಾತಾಡುತ್ತಿದ್ದೆ?"

ನಾನು ಕರಡಿಗೆ ಮುಚ್ಚಿ ದುಪಟ್ಟಾದೊಳಗೆ ಸೇರಿಸಿದೆ.

ಮತ್ತೆ ಚಿಯಾಂಗ್ ಮಾಯ್

ಇಳಿದು ಬಂದ ಮರುದಿನ ಚುನಾವಣೆ. ಮಾತು ಕೊಟ್ಟಂತೆ ಜೋಯೆಲ್ ನನ್ನ ಹೆಸರು ಹೇಳಿದ. ನಾನು ಎದ್ದು ನಿಂತೆ. ಬೆಟ್ಟದಿಂದ ಇಳಿಯುವಾಗ ಅಭ್ಯಾಸ ಮಾಡಿಕೊಂಡಿದ್ದ ಇಂಗ್ಲಿಷೆಲ್ಲ ಮರೆತುಹೋಯಿತು. "ನಾನು ಕೆಥೋಲಿಕ್ ಅಲ್ಲ. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ" ಅಂದಷ್ಟೇ ಹೇಳಿ ಕೂತೆ.

ಗುಜುಗುಜು ಎದ್ದಿತು. ಜೋಯೆಲ್ ಬಾಯಿ ತೆರೆದವನು ಹಾಗೇ ಇದ್ದ. ಮಲೇಷ್ಯಾದ ಹುಡುಗಿಯೊಬ್ಬಳು ಎದ್ದು, "ನನಗೆ ಅವಳ ಮೇಲೆ ಕೋಪವಿಲ್ಲ. ಆದರೆ ನಮ್ಮ ನಂಬಿಕೆ ಇಲ್ಲದವಳು ನಮ್ಮ ಚಳವಳಿಯನ್ನು ಯಾವ ಕಡೆ ನಡೆಸುತ್ತಾಳೆ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನೇ ಅವಳ ಜಾಗದಲ್ಲಿದ್ದರೂ ಕೇಳುತ್ತಿದ್ದೆ. ಫಾದರ್ ಲಿಯೋ ನಿಯಮದ ಪುಸ್ತಕ ತಿರುವಿ, ಸದಸ್ಯರು ವಿದ್ಯಾರ್ಥಿಗಳಾಗಿರಬೇಕು ಎಂದಷ್ಟೇ ಬರೆದಿದೆ, ಉಳಿದದ್ದು ನಿಮಗೆ ಬಿಟ್ಟದ್ದು ಅಂದರು. ಚರ್ಚೆ ಮುಗಿಯುವವರೆಗೆ ನಾನು ಹೊರಗಿರುವುದೆಂದಾಯಿತು.

ಅಂಗಳದ ಮರದ ಕೆಳಗೆ ಕೂತಿದ್ದಾಗ ಮಾಲೀ ಎದ್ದು ಬಂದಳು. ಸಮಾಧಾನ ಹೇಳಲು ಬಂದಳೆಂದುಕೊಂಡೆ.

"ನಾನು ನಿನಗೆ ಮತ ಹಾಕಲ್ಲ," ಅಂದಳು. "ನಿನಗೆ ಗೊತ್ತಿರಲಿ ಅಂತ ಹೇಳೋಕೆ ಬಂದೆ."

"ಸರಿ" ಅಂದೆ.

"ನಮ್ಮೂರಲ್ಲಿ ಚರ್ಚಿಗೆ ಹೋಗೋರು ಸ್ವಲ್ಪ ಜನ. ಶಾಲೇಲಿ ಎಲ್ಲ ಮಕ್ಕಳೂ ಬುದ್ಧನ ಮುಂದೆ ನಿಂತಾಗ ನಾನೊಬ್ಬಳೇ ಬೇರೆ ನಿಲ್ತಿದ್ದೆ. ನಾಚಿಕೆ ಆಗ್ತಿತ್ತು, ಆದರೂ ನಿಲ್ತಿದ್ದೆ. ನೀನು ಸುಮ್ಮನೆ ನಮ್ಮ ಸಾಲಲ್ಲಿ ನಿಂತೆ."

ಇಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನು ಕ್ಷಮೆ ಕೇಳಿದೆ. ಅವಳು ತಲೆಯಾಡಿಸಿ, ಒಳಗೆ ಹೋಗದೆ, ಬಾಗಿಲು ತೆರೆಯುವವರೆಗೂ ನನ್ನ ಪಕ್ಕದಲ್ಲೇ ಕೂತಳು. ಯಾಕೆ ಕೂತಳೋ ತಿಳಿಯಲಿಲ್ಲ.

ನಾನು ಸ್ಪರ್ಧಿಸಬಹುದೆಂದು ಸಭೆ ಒಪ್ಪಿತ್ತು. ಚೀಟಿ ಹಾಕಿದರು. ನಾನು ಗೆದ್ದೆ. ಹೇಗೆ ಎಂದು ಇವತ್ತಿಗೂ ಅರ್ಥವಾಗಿಲ್ಲ. ಫಾದರ್ ಲಿಯೋರನ್ನು ಕೇಳಿದರೆ "ನನಗೂ ಆಶ್ಚರ್ಯ" ಅಂದರು. ಮಲೇಷ್ಯಾದ ಹುಡುಗಿ ಬಂದು ಕೈ ಕುಲುಕಿ, ನಾನಂತೂ ಹಾಕಿಲ್ಲ ಎಂದು ನಕ್ಕಳು. ಮಾಲೀಯೂ ಹಾಕಿರಲಿಲ್ಲ. ಹಾಗಾದರೆ ಹಾಕಿದವರು ಯಾರು? ಬಸ್ಸಿಗೆ ಹಾಕಿದರೋ, ಎದ್ದು ಹೇಳಿದ್ದಕ್ಕೆ ಹಾಕಿದರೋ, ಪಾಪ ಅಂದುಕೊಂಡು ಹಾಕಿದರೋ?

ಕೊನೆಯ ದಿನದ ಪೂಜೆಗೆ ಹಳ್ಳಿಗಳಿಂದ ಜನ ಬಂದಿದ್ದರು. ಫೀ ಕೂಡ ಕೆಂಪು ನೇಯ್ಗೆಯ ಅಂಗಿ ತೊಟ್ಟು ಇಳಿದು ಬಂದಿದ್ದಳು. ಪರಮಪ್ರಸಾದದ ಹೊತ್ತಿಗೆ ಹೊಸ ತಂಡದವರೆಲ್ಲ ಮುಂದೆ ಹೋದರು, ನಾನು ಜಾಗದಲ್ಲೇ ಕೂತೆ. ಎಲ್ಲ ಮುಗಿದ ಮೇಲೆ ಮುದುಕಿ ಗುಂಪು ಸೀಳಿಕೊಂಡು ಬಂದು, ನಗದೆಯೇ ನನ್ನ ಕೆನ್ನೆ ಗಟ್ಟಿಯಾಗಿ ಹಿಂಡಿ ಏನೋ ಹೇಳಿದಳು.

"ಮುಂದಿನ ಸಲ ಬಂದರೆ ಮೆಟ್ಟಿಲು ಹತ್ತೋ ಮೊದಲೇ ಹೇಳು ಅಂತಾಳೆ," ಮಾಲೀ ಅಂದಳು.

ಹೊಂಗಡಹಳ್ಳ

ಸಿಸ್ಟರ್ ಲೂಸಿ ಪೂರ್ತಿ ಕಥೆ ಕೇಳಿದರು. "ನಾನು ಹೇಳಿದ್ದೇ ತಪ್ಪಾಯ್ತಲ್ಲ ಮಾರಾಯ್ತಿ" ಅಂದರು. ಅಪ್ಪ ಮಾತ್ರ ಗೆದ್ದದ್ದನ್ನೇ ಹಿಡಿದುಕೊಂಡರು. "ಗೆದ್ಬುಟ್ಟಾ? ಗೆದ್ದು ಏನ್ ಮಾಡ್ಬೇಕೀಗ?" ಅದೂ ನನಗೆ ಸ್ಪಷ್ಟವಿರಲಿಲ್ಲ.

ಮೊದಲು ಮಾಡಬೇಕಾಗಿದ್ದು ಹೊಂಗಡಹಳ್ಳದ ಹತ್ತಿರದ ಒಂದು ಎಸ್ಟೇಟಿನಲ್ಲಿ ಹೊಸ ಘಟಕ ಶುರುಮಾಡುವ ಕೆಲಸ. ಕೂಲಿಕಾರರ ಸಾಲುಮನೆಗಳಾದ ಲೈನ್ ಮನೆಗಳ ಕೆಥೋಲಿಕ್ ಕುಟುಂಬಗಳ ಮಕ್ಕಳು, ಹೈಸ್ಕೂಲಿನವರು, ಕಾಫಿ ಮೂಟೆ ಇಡುವ ಸ್ಟೋರ್ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಕಾಯುತ್ತಿದ್ದರು. ಸಿಸ್ಟರ್ ನನ್ನ ಪರಿಚಯ ಮಾಡಲು ಎದ್ದರು. ನಾನು ಅವರಿಗಿಂತ ಮೊದಲು ಬಾಯಿ ಹಾಕಿದೆ. ಹೆಸರು ಶಶಿಕಲಾ, ಊರು ಪಾಳ್ಯ, ನಾನು ಕ್ರೈಸ್ತಳಲ್ಲ, ಆದರೂ ಈ ಚಳವಳಿಯಲ್ಲಿ ನನಗೊಂದು ಜವಾಬ್ದಾರಿ ಕೊಟ್ಟಿದ್ದಾರೆ ಎಂದೆ.

ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಒಂಬತ್ತನೇ ಕ್ಲಾಸಿನ ಸೆಲಿನ್ ಎಂಬವಳು ಕೈಯೆತ್ತಿದಳು. ಅವಳ ತೊಡೆಯ ಮೇಲೆ ಮೂಗು ಸೋರುವ ಪುಟ್ಟ ತಂಗಿ ಕೂತಿತ್ತು. ಅವ್ವ ಕಾಫಿ ಹಣ್ಣು ಕೊಯ್ಯಲು ಹೋಗಿದ್ದರಿಂದ ಅದನ್ನೂ ಎತ್ತಿಕೊಂಡು ಬಂದಿದ್ದಳು.

"ಹಂಗಾರೆ ನಾವು ಪ್ರಾರ್ಥನೆ ಮಾಡ್ವಾಗ ನೀವೇನ್ ಮಾಡ್ತೀರಿ ಅಕ್ಕ?"

ಸಿಸ್ಟರ್ ಕಡೆ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು.

"ಗೊತ್ತಿಲ್ಲ ಕಣೇ," ಅಂದೆ. "ನೀವೇ ಹೇಳಿ."

ಸೆಲಿನ್ ತಂಗಿಯ ಮೂಗು ಒರೆಸಿದಳು. ಆಮೇಲೆ ಎದ್ದು ಬಂದು, "ಹಂಗಾರೆ ಇದನ್ನ ಹಿಡ್ಕಳಿ. ಇದು ನಮ್ಮುನ್ನ ಪ್ರಾರ್ಥನೆ ಮಾಡಕ್ಕೇ ಬಿಡಲ್ಲ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತೆ. ಅಳಬೇಕೋ ಬೇಡವೋ ಎಂದು ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಒಳಗೆ ಮಕ್ಕಳು ಪ್ರಾರ್ಥನೆ ಶುರು ಮಾಡಿದರು.